ಬಸ್ಸಿನಲ್ಲಿ ಕಲಿತ ಭಯ, ಕೋಣೆಯಲ್ಲಿ ಕಲಿತ ಧೈರ್ಯ

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ ಥರದ್ದು: "ಮನೆಯಲ್ಲಿದ್ದರೆ ಸರಿ ಇರುತ್ತೇನೆ, ಅಲ್ಲಿಗೆ ಹೋದ ಕೂಡಲೇ ಶುರುವಾಗುತ್ತದೆ." ಜಾಗ, ಸದ್ದು, ವಾಸನೆ, ಬೆಳಕು ಇವೆಲ್ಲ ನೆನಪನ್ನೂ ಆತಂಕವನ್ನೂ ಹೇಗೆ ಎಬ್ಬಿಸುತ್ತವೆ ಎಂಬುದರ ಸುತ್ತ ಈ ಬಾರಿಯ ಉತ್ತರಗಳಿವೆ. ಬರೆದವರ ಹೆಸರು ಬಿಟ್ಟಿದ್ದೇವೆ, ಪತ್ರಗಳನ್ನು ಚಿಕ್ಕದಾಗಿಸಿದ್ದೇವೆ.

ವಯಸ್ಸು 31, ಬೆಂಗಳೂರು. ಕಳೆದ ವರ್ಷ ಸಂಜೆ ಟ್ರಾಫಿಕ್‌ನಲ್ಲಿ ನಿಂತಿದ್ದ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಉಸಿರು ಸಿಗದಂತಾಗಿ, ಸತ್ತೇ ಹೋಗುತ್ತೇನೆ ಅನ್ನಿಸಿತು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್. ಬಸ್ ಬಿಟ್ಟೆ. ಆಮೇಲೆ ಮೆಟ್ರೊ ಬಿಟ್ಟೆ, ಈಗ ಲಿಫ್ಟೂ ಆಗುತ್ತಿಲ್ಲ. ಎಂಟು ಸಲ ಆಪ್ತ ಸಮಾಲೋಚನೆಗೆ ಹೋದೆ. ಆ ಕೋಣೆಯಲ್ಲಿ ಕೂತು ಬಸ್ಸನ್ನು ನೆನೆದರೆ ಈಗ ಏನೂ ಆಗುವುದಿಲ್ಲ. ಹೊರಗೆ ಬಂದು ಸ್ಟಾಪಿನಲ್ಲಿ ನಿಂತರೆ ಎಲ್ಲ ವಾಪಸ್. ದುಡ್ಡು ದಂಡವಾಯಿತೇ?

ದಂಡವಾಗಿಲ್ಲ. ಅರ್ಧ ಕೆಲಸ ಆಗಿದೆ, ಉಳಿದರ್ಧವನ್ನು ಆ ಕೋಣೆಯೊಳಗೆ ಮಾಡಲು ಬರುವುದಿಲ್ಲ.

ಭಯದ ಗಂಟೆ ಬಾರಿಸುವುದು ಮೆದುಳಿನ ಅಮಿಗ್ಡಲಾ. "ಇದು ಯಾವ ಜಾಗ, ಇಲ್ಲಿ ಹಿಂದೆ ಏನಾಗಿತ್ತು" ಎಂದು ಅದಕ್ಕೆ ಸುದ್ದಿ ಮುಟ್ಟಿಸುವುದು ಪಕ್ಕದಲ್ಲೇ ಇರುವ ಹಿಪೊಕ್ಯಾಂಪಸ್. ಫಿಲಿಪ್ಸ್ ಮತ್ತು ಲೆಡೂ 1992ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಸದ್ದು ಕೇಳಿಸಿ ಸಣ್ಣ ಶಾಕ್ ಕೊಟ್ಟರೆ ಇಲಿ ಸದ್ದಿಗೂ ಹೆದರುತ್ತದೆ, ಆ ಪಂಜರಕ್ಕೂ ಹೆದರುತ್ತದೆ. ಹಿಪೊಕ್ಯಾಂಪಸ್‌ಗೆ ಹಾನಿಯಾಗಿದ್ದ ಇಲಿಗಳು ಸದ್ದಿಗೆ ಹೆದರಿದವು, ಪಂಜರಕ್ಕೆ ಹೆದರಲಿಲ್ಲ. ಅಂದರೆ ಜಾಗದ ಭಯ ಬೇರೆ ದಾರಿಯಲ್ಲಿ ಬರುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಮಾರ್ಕ್ ಬೌಟನ್ ಎಂಬ ಮನಶ್ಶಾಸ್ತ್ರಜ್ಞರು ಬಹಳ ವರ್ಷ ಬೆನ್ನುಹತ್ತಿದ ಕೆಲಸದಲ್ಲಿ. ಒಂದು ಪಂಜರದಲ್ಲಿ ಭಯ ಕಲಿತ ಪ್ರಾಣಿಗೆ ಇನ್ನೊಂದು ಪಂಜರದಲ್ಲಿ ಅದೇ ಸದ್ದನ್ನು ಶಾಕ್ ಇಲ್ಲದೆ ಮತ್ತೆ ಮತ್ತೆ ಕೇಳಿಸಿದರೆ ಭಯ ಇಳಿಯುತ್ತದೆ. ಅದನ್ನು ಮೊದಲ ಪಂಜರಕ್ಕೆ ವಾಪಸ್ ಬಿಟ್ಟರೆ ಭಯವೂ ವಾಪಸ್. ಹಳೆಯ ಪಾಠ ಅಳಿಸಿಹೋಗಿರುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಪಾಠವೊಂದು ಸೇರಿಕೊಂಡಿರುತ್ತದೆ, ಅಷ್ಟೇ. ಭಯ ಒಂದು ಜಾಗದಲ್ಲಿ ಹುಟ್ಟಿ ಊರೆಲ್ಲ ಸುತ್ತುತ್ತದೆ (ನಿಮ್ಮದು ಬಸ್ಸಿನಿಂದ ಲಿಫ್ಟಿಗೆ ಬಂದ ಹಾಗೆ). ಧೈರ್ಯ ಮಾತ್ರ ಕಲಿತ ಜಾಗದಲ್ಲೇ ಕೂತಿರುತ್ತದೆ. ಇದು ಮೆದುಳಿನ ದೋಷವಲ್ಲ. ಹಗ್ಗವನ್ನು ಹಾವೆಂದು ಹತ್ತು ಸಲ ಬೆಚ್ಚಿದರೆ ನಷ್ಟ ಕಡಿಮೆ, ಹಾವನ್ನು ಒಂದೇ ಸಲ ಹಗ್ಗ ಅಂದುಕೊಂಡರೂ ಕಥೆ ಮುಗಿಯಿತು. ಆ ಲೆಕ್ಕದ ಮೇಲೆಯೇ ಈ ವ್ಯವಸ್ಥೆ ನಿಂತಿದೆ.

ಹಾಗಾಗಿ ಧೈರ್ಯವನ್ನು ಹಲವು ಜಾಗಗಳಲ್ಲಿ ಬಿತ್ತಬೇಕು. ಮೊದಲು "ಬಸ್" ಎಂಬ ಒಂದು ಪದವನ್ನು ಬಿಡಿಸಿ ಬರೆಯಿರಿ. ಅದರೊಳಗೆ ಏನೇನಿದೆ? ಡೀಸೆಲ್ ವಾಸನೆ, ಸೆಕೆ, ಮುಚ್ಚಿದ ಬಾಗಿಲು, ಮೇಲಿನ ಕಂಬಿ ಹಿಡಿದ ಕೈ, ಮುಂದಕ್ಕೆ ಹೋಗದ ಗಾಡಿ, ಸಂಜೆಯ ಖಾಲಿ ಹೊಟ್ಟೆ, ಅದರ ಮೇಲೆ ಕುಡಿದ ಎರಡನೇ ಕಾಫಿ. ಪ್ರತಿಯೊಂದಕ್ಕೂ 0ರಿಂದ 100ರವರೆಗೆ ಅಂಕ ಕೊಡಿ. ನಿಂತ ಗಾಡಿ 90, ವಾಸನೆ 20 ಎಂದು ಬಂದರೆ ಕೆಲಸ ಎಲ್ಲಿದೆ ಎಂದು ಅಲ್ಲೇ ಗೊತ್ತಾಯಿತು.

ಮೆಟ್ಟಿಲುಗಳು ಹೀಗಿರಬಹುದು. ಸ್ಟಾಪಿನಲ್ಲಿ 20 ನಿಮಿಷ ನಿಂತು, ಬಸ್ಸುಗಳನ್ನು ಹತ್ತದೆ ಹೋಗಲು ಬಿಡುವುದು. ಬೆಳಿಗ್ಗೆ 11ರ ಹೊತ್ತಿಗೆ, ಜನ ಕಡಿಮೆ ಇರುವಾಗ ಎರಡು ಸ್ಟಾಪ್. ಮೆಟ್ರೊದಲ್ಲಾದರೆ ನೇರಳೆ ಮಾರ್ಗದ ಎಂ.ಜಿ. ರಸ್ತೆಯಿಂದ ಕಬ್ಬನ್ ಪಾರ್ಕ್‌ಗೆ ಒಂದೇ ನಿಲ್ದಾಣ: ಮೇಲಿರುವ ಗಾಡಿ ನೆಲದಡಿಗೆ ಇಳಿಯುವ ಜಾಗ ಅದು, ಬೆಳಕಿನಿಂದ ಸುರಂಗಕ್ಕೆ ಹೋಗುವ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಆಮೇಲೆ ಸಂಜೆ 6ಕ್ಕೆ, ಬಸ್ಸಿನ ನಡುವೆ ನಿಂತು, ಐದು ಸ್ಟಾಪ್. ಕೊನೆಗೆ ಅದೇ ರಸ್ತೆ, ಅದೇ ಹೊತ್ತು. ಇದೇ ಕ್ರಮ ಆಗಬೇಕೆಂದಿಲ್ಲ. ಒಂದು ಸುಲಭವಾದರೆ ಎರಡು ಮೆಟ್ಟಿಲು ಹಾರಿ.

ಪ್ರತಿ ಸಲ ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಬರೆಯಿರಿ: "ಬಾಗಿಲು ಮುಚ್ಚಿದ ಎರಡು ನಿಮಿಷಕ್ಕೆ ಬಿದ್ದುಹೋಗುತ್ತೇನೆ." ಇಳಿದ ಮೇಲೆ ಕೆಳಗೆ ಬರೆಯಿರಿ: ಬಿದ್ದೆನೋ ಇಲ್ಲವೋ. "ಗಾಬರಿ ಆಯಿತೇ" ಎನ್ನುವುದು ಇಲ್ಲಿನ ಪ್ರಶ್ನೆ ಅಲ್ಲವೇ ಅಲ್ಲ. ಗಾಬರಿ ಆಗಲಿ. ಹೆದರಿದ್ದು ನಡೆಯಿತೇ ಎಂಬುದಷ್ಟೇ ಲೆಕ್ಕ. ವಾರಕ್ಕೆ ನಾಲ್ಕೈದು ದಿನ ಮಾಡಿ. ಭಾನುವಾರಕ್ಕೊಮ್ಮೆ ಮಾಡಿದರೆ ನಡುವಿನ ಆರು ದಿನ ಹಳೆ ಪಾಠಕ್ಕೇ ಬಲ. ಬಸ್, ಸಮಯ, ಸೀಟು, ಜೊತೆಗಾರರು, ಎಲ್ಲವನ್ನೂ ಬದಲಿಸುತ್ತಿರಿ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು, ಗಾಬರಿ ತುದಿಗೇರಿದಾಗ ಇಳಿದುಬಿಡುವುದು. ಗಾಬರಿಯ ಅಲೆ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ತುದಿಯಲ್ಲಿ ಇಳಿದರೆ "ಇಳಿದದ್ದಕ್ಕೆ ಬದುಕಿದೆ" ಎಂಬ ಪಾಠ ಗಟ್ಟಿಯಾಗುತ್ತದೆ. ಎರಡನೆಯದು, ಊರುಗೋಲು: ನೀರಿನ ಬಾಟಲಿ, ಬಾಗಿಲ ಪಕ್ಕದ ಸೀಟು, ಫೋನಿನಲ್ಲಿ ಹೆಂಡತಿ, ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್. ಇವಿದ್ದರೆ ಗೆಲುವಿನ ಶ್ರೇಯ ಇವಕ್ಕೇ ಹೋಗುತ್ತದೆ. ಒಂದೊಂದಾಗಿ ಮನೆಯಲ್ಲಿ ಬಿಡಿ. (ಆಲ್‌ಪ್ರಜೊಲಾಮ್‌ನಂಥ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ಒಮ್ಮೆಗೇ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ವೈದ್ಯರೇ ಹಂತಹಂತವಾಗಿ ಇಳಿಸಬೇಕು.) ಮೂರನೆಯದು, "ಜೋರಾಗಿ ಉಸಿರೆಳೆದುಕೋ" ಎಂಬ ಪುಕ್ಕಟೆ ಸಲಹೆ. ದೊಡ್ಡ ದೊಡ್ಡ ಉಸಿರು ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಅದನ್ನು ಕಂಡು ಗಾಬರಿ ಇನ್ನೂ ಏರುತ್ತದೆ. ಮೂಗಿನಿಂದ ಚಿಕ್ಕ ಉಸಿರು ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಇಷ್ಟು ಸಾಕು.

ಲಿಫ್ಟಿಗೆ ಇನ್ನೊಂದು ಉಪಾಯ. ಮನೆಯಲ್ಲಿ ನಿಂತಲ್ಲೇ ಒಂದು ನಿಮಿಷ ಓಡಿ, ಎದೆ ಬಡಿತ ಏರಿಸಿಕೊಂಡು, ಅದು ತಾನಾಗಿ ಇಳಿಯುವುದನ್ನು ನೋಡಿ. ಬಡಿತವೇ ನಿಮಗೆ ಅಪಾಯದ ಗುರುತಾಗಿಬಿಟ್ಟಿದೆ, ಆ ನಂಟನ್ನು ಇದು ಸಡಿಲಿಸುತ್ತದೆ. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಮುಂದಿನ ಸಲ ಸಮಾಲೋಚಕರ ಬಳಿ ಹೋದಾಗ ಒಂದು ಅವಧಿಯನ್ನು ಬಸ್ ಸ್ಟಾಪಿನಲ್ಲೇ ಇಟ್ಟುಕೊಳ್ಳೋಣವೇ ಎಂದು ಕೇಳಿ.

ವಯಸ್ಸು 58, ದಾವಣಗೆರೆ. ಕ್ಲಿನಿಕ್‌ನಲ್ಲಿ ನೋಡಿದರೆ ಬಿಪಿ 158/98. ಮಗ ತಂದುಕೊಟ್ಟ ಮಷೀನಿನಲ್ಲಿ ಮನೆಯಲ್ಲಿ 128/80. ಮಷೀನು ಸುಳ್ಳೋ, ಡಾಕ್ಟರು ಸುಳ್ಳೋ?

ಎರಡೂ ನಿಜ ಇರಬಹುದು. ಸ್ಪಿರಿಟ್ ವಾಸನೆ, ಕಾಯುವ ಬೆಂಚು, ಬಿಳಿ ಕೋಟು, "ಏನು ಹೇಳುತ್ತಾರೋ" ಎಂಬ ಅಳುಕು ಎಲ್ಲ ಸೇರಿ ಒತ್ತಡ ಏರುತ್ತದೆ. ಜಾಗ ಮೈಮೇಲೆ ಮಾಡುವ ಕೆಲಸವನ್ನು ಅಂಕಿಯಲ್ಲೇ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಆದರೆ "ಮನೆಯದೇ ಸರಿ" ಎಂದು ತೀರ್ಮಾನಿಸುವ ಮುಂಚೆ ಮನೆಯ ಅಳತೆ ಸರಿಯಿದೆಯೇ ನೋಡಿ.

ಅಳೆಯುವ 30 ನಿಮಿಷ ಮುಂಚೆ ಕಾಫಿ, ಬೀಡಿ, ನಡಿಗೆ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂರಿ. ತೋಳು ಟೇಬಲಿನ ಮೇಲೆ, ಎದೆಯ ಮಟ್ಟಕ್ಕೆ ಇರಲಿ. ಪಟ್ಟಿ ಬರಿತೋಳಿಗೆ, ಅಂಗಿಯ ಮೇಲಲ್ಲ. ತೋಳು ದಪ್ಪವಿದ್ದು ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ಅಳೆಯುವಾಗ ಮಾತು ಬೇಡ. "ಎಷ್ಟು ಬಂತು?" ಎಂದು ಅಡುಗೆಮನೆಯಿಂದ ಕೇಳಿದರೂ ಉತ್ತರಿಸಬೇಡಿ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಬೆಳಿಗ್ಗೆ ಎರಡು, ಸಂಜೆ ಎರಡು, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಕ್ಲಿನಿಕ್‌ನ ಗಡಿ 140/90 ಆದರೆ ಮನೆಯ ಗಡಿ 135/85.

ಸರಾಸರಿ ಅದಕ್ಕಿಂತ ಕೆಳಗಿದ್ದರೆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. 24 ಗಂಟೆ ತೋಳಿಗೆ ಕಟ್ಟಿಕೊಂಡಿರುವ ಯಂತ್ರದ ಪರೀಕ್ಷೆಯನ್ನೂ ಅವರು ಹೇಳಬಹುದು. ಬರೆದುಕೊಟ್ಟಿರುವ ಮಾತ್ರೆಯನ್ನು ಈ ಅಂಕಣ ಓದಿ ನಿಲ್ಲಿಸಬೇಡಿ. ಕ್ಲಿನಿಕ್‌ನಲ್ಲಿ ಮಾತ್ರ ಏರುವವರಿಗೂ ಮುಂದೆ ನಿಜವಾದ ಬಿಪಿ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಹಾಗಾಗಿ ಅಳತೆ ಬಿಡುವಂತಿಲ್ಲ.

ಮಡಿಕೇರಿ ಕಡೆಯವಳು, ಈಗ ಮೈಸೂರಿನಲ್ಲಿ ಬಾಡಿಗೆ ಮನೆ. 2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಗುಡ್ಡದ ಬರೆ ಕುಸಿದಾಗ ಮಕ್ಕಳನ್ನು ಎತ್ತಿಕೊಂಡು ಓಡಿದವರು ನಾವು. ಇಲ್ಲಿ ರಾತ್ರಿ ಜೋರು ಮಳೆ ಬಂದರೆ ಇವತ್ತಿಗೂ ಎದ್ದು ಕೂರುತ್ತೇನೆ, ಮಕ್ಕಳಿಗೆ ಚಪ್ಪಲಿ ಹಾಕಿಸುತ್ತೇನೆ. ತವರು ಮನೆ ಇನ್ನೂ ಗುಡ್ಡದ ಬುಡದಲ್ಲೇ ಇದೆ, ರಜೆಗೆ ಹೋಗಲೇಬೇಕು. ಮನೆಯವರು "ಅದೆಲ್ಲ ಮರೆತುಬಿಡು" ಅನ್ನುತ್ತಾರೆ.

ಮರೆಯಲು ಹೇಳುವವರು ಮಳೆಯನ್ನೂ ನಿಲ್ಲಿಸಿಕೊಡಲಿ! ನಿಮ್ಮ ಕಿವಿ ಆ ರಾತ್ರಿ ಕಲಿತದ್ದು ನಿಮ್ಮ ಮಕ್ಕಳನ್ನು ಉಳಿಸಿದ ಪಾಠ. ಅದನ್ನು ಕಿತ್ತುಹಾಕುವ ಅಗತ್ಯವಿಲ್ಲ. ಅದು ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಬೇರೆ ಮಾಡಿಕೊಡಬೇಕು. ನಿಮಗೆ ಎರಡು ಮನೆಗಳಿವೆ, ಎರಡಕ್ಕೂ ಬೇರೆ ನಿಯಮ ಇರಲಿ.

ತವರಿನಲ್ಲಿ ನಿಮ್ಮ ಭಯಕ್ಕೆ ಬೆಲೆ ಕೊಡಿ, ಆದರೆ ಅದನ್ನು ರಾತ್ರಿ ಎರಡು ಗಂಟೆಗೆ ಯೋಚಿಸುವ ಕೆಲಸವಾಗಿ ಬಿಡಬೇಡಿ. ಹಗಲಿನಲ್ಲೇ, ಎಲ್ಲರೂ ಕೂತು, ನಾಲ್ಕು ಮಾತು ನಿಶ್ಚಯಿಸಿ: ಯಾರು ಯಾರನ್ನು ಎಬ್ಬಿಸುವುದು, ಯಾವ ದಾರಿ, ಯಾರ ಮನೆ, ಯಾವಾಗ ಹೊರಡುವುದು. ಬಾಗಿಲ ಬಳಿ ಒಂದು ಚೀಲ ಇರಲಿ, ಅದರಲ್ಲಿ ಕಾಗದಪತ್ರ, ಟಾರ್ಚ್, ಔಷಧಿ, ಚಾರ್ಜ್ ಆದ ಪವರ್ ಬ್ಯಾಂಕ್. ಗೋಡೆಯಲ್ಲೋ ಅಂಗಳದಲ್ಲೋ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾಗಿ ಮುಚ್ಚಲಾಗದ ಬಾಗಿಲು, ವಾಲುತ್ತಿರುವ ಮರ ಅಥವಾ ಕಂಬ, ತೋಡಿನ ನೀರು ಏಕಾಏಕಿ ಕೆಂಪಗಾಗುವುದು ಅಥವಾ ಕಡಿಮೆಯಾಗುವುದು, ಗುಡ್ಡದ ಕಡೆಯಿಂದ ಗುಡುಗಿನಂಥ ಸದ್ದು: ಇವುಗಳಲ್ಲಿ ಒಂದು ಕಂಡರೂ ಚರ್ಚೆ ಇಲ್ಲದೆ ಹೊರಡುವುದು. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ಅಲ್ಲಿ ಮಲಗುವುದೇ ಬೇಡ. ಎಚ್ಚರಿಕೆ ನೋಡುವುದು ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ. ಎರಡರ ನಡುವೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಕುಸಿತದ ವಿಡಿಯೊಗಳನ್ನು ತೆರೆಯಬೇಡಿ. ಅವು ಎಲ್ಲಿಯವೋ, ಯಾವ ವರ್ಷದವೋ.

ಮೈಸೂರಿನ ಮನೆಗೆ ಬೇರೆ ಕೆಲಸ. ಮಳೆಯ ಸದ್ದಿಗೆ ಎಚ್ಚರವಾದರೆ ದೀಪ ಹಾಕಿ, ಪಾದ ನೆಲಕ್ಕೆ ಇಡಿ, ನೆಲ ತಣ್ಣಗಿದೆಯೇ ಗಮನಿಸಿ. ಆಮೇಲೆ ಬಾಯಿಬಿಟ್ಟು ಹೇಳಿ: "ಇದು ಮೈಸೂರು. ನೆಲ ಸಮತಟ್ಟು. ಮನೆ ಹಿಂದೆ ಬರೆ ಇಲ್ಲ, ರಸ್ತೆ ಇದೆ." "ಏನೂ ಆಗಲ್ಲ" ಎಂದು ಹೇಳಿಕೊಳ್ಳುವುದಕ್ಕಿಂತ ಇದು ಉತ್ತಮ. ಸಮಾಧಾನದ ಮಾತನ್ನು ಮೆದುಳು ನಂಬುವುದಿಲ್ಲ, ವ್ಯತ್ಯಾಸ ತೋರಿಸಿದರೆ ನೋಡುತ್ತದೆ. ಹಿಪೊಕ್ಯಾಂಪಸ್‌ನ ಕೆಲಸವೇ ಅದು, ಆಗ ಮತ್ತು ಈಗ, ಅಲ್ಲಿ ಮತ್ತು ಇಲ್ಲಿ ಎಂದು ಬಿಡಿಸುವುದು. ಚಪ್ಪಲಿ ಹಾಕಿಸುವುದನ್ನು ಮೊದಲ ವಾರ ಹತ್ತು ನಿಮಿಷ ಮುಂದೂಡಿ, ಮುಂದಿನ ವಾರ ಇಪ್ಪತ್ತು. ಮಕ್ಕಳು ಮಳೆಯನ್ನು ನೋಡುವುದಕ್ಕಿಂತ ಮೊದಲು ನಿಮ್ಮ ಮುಖ ನೋಡುತ್ತಾರೆ. ಹಗಲಿನ ತುಂತುರು ಮಳೆಯಲ್ಲಿ ಅವರ ಜೊತೆ ಬಾಲ್ಕನಿಯಲ್ಲಿ 20 ನಿಮಿಷ ಕೂತು ಏನಾದರೂ ತಿನ್ನಿ. ಅದೇ ಸದ್ದಿಗೆ ಇನ್ನೊಂದು ನೆನಪೂ ಅಂಟಿಕೊಳ್ಳಲಿ.

ವಾಸನೆಗೆ ಮಾತ್ರ ಹೆಚ್ಚು ಸಮಯ ಕೊಡಿ. ಉಳಿದ ಇಂದ್ರಿಯಗಳ ಸುದ್ದಿ ಮೆದುಳಿನ ಥಾಲಮಸ್ ಎಂಬ ನಿಲ್ದಾಣದ ಮೂಲಕ ಬರುತ್ತದೆ. ವಾಸನೆ ಆ ನಿಲ್ದಾಣದಲ್ಲಿ ನಿಲ್ಲದೆ ನೇರ ಅಮಿಗ್ಡಲಾದ ಕಡೆಗೆ ಹೋಗುತ್ತದೆ. ಹಸಿ ಮಣ್ಣಿನ ವಾಸನೆಗೆ ಯಾಕೆ ಎಂದೇ ತಿಳಿಯದೆ ಹೊಟ್ಟೆ ತೊಳಸಿದರೆ ನಿಮಗೇನೋ ಆಗುತ್ತಿದೆ ಎಂದುಕೊಳ್ಳಬೇಡಿ.

ಆ ರಾತ್ರಿಯದೇ ಕನಸು ಮತ್ತೆ ಮತ್ತೆ ಬೀಳುವುದು, ಎಚ್ಚರದಲ್ಲೇ ಅಲ್ಲಿದ್ದಂತೆ ಆಗುವುದು, ಆಗಸ್ಟ್ ಬಂದರೆ ಯಾರ ಜೊತೆಯೂ ಮಾತು ಬೇಡವಾಗುವುದು ಇದ್ದರೆ ಮನೆಮದ್ದು ಸಾಲದು. ಆಘಾತದ ನೆನಪಿಗೆಂದೇ ಇರುವ ಚಿಕಿತ್ಸೆಗಳಿವೆ, ಇಷ್ಟು ವರ್ಷದ ನಂತರವೂ ಫಲ ಕೊಡುತ್ತವೆ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ, ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆ ಬದಲಿಸಿದರೆ ಆತಂಕ ಹೋಗುತ್ತದೆಯೇ? ವಾಸ್ತು ನೋಡುವವರು ಮಲಗುವ ಕೋಣೆ ತಪ್ಪು ದಿಕ್ಕಿನಲ್ಲಿದೆ ಎಂದಿದ್ದಾರೆ. – ಓದುಗ, ತುಮಕೂರು

ದಿಕ್ಕಿನ ಬಗ್ಗೆ ನಾವು ಹೇಳುವುದೇನೂ ಇಲ್ಲ. ಹೊಸ ಮನೆಯಲ್ಲಿ ಮೊದಲ ಕೆಲವು ವಾರ ಹಗುರ ಅನ್ನಿಸುವುದು ನಿಜ, ಅಲ್ಲಿ ಹಳೆಯ ಗುರುತುಗಳಿರುವುದಿಲ್ಲ. ಆಮೇಲೆ ಅದೇ ಸಾಲ, ಅದೇ ಜಗಳ, ಅದೇ ನಿದ್ದೆಗೇಡು ಆ ಮನೆಗೂ ಸಾಮಾನಿನ ಜೊತೆ ಬರುತ್ತವೆ. ಗೋಡೆ ಒಡೆಯುವ ಮುಂಚೆ ಖರ್ಚಿಲ್ಲದ್ದನ್ನು ನೋಡಿ: ಕೋಣೆ ಸೆಕೆಯೇ, ರಾತ್ರಿ ಬೀದಿದೀಪ ಮುಖಕ್ಕೆ ಬೀಳುತ್ತದೆಯೇ, ಪಕ್ಕದ ಪಂಪ್‌ಸೆಟ್ಟು ಎಬ್ಬಿಸುತ್ತದೆಯೇ, ಮಧ್ಯಾಹ್ನದ ನಂತರ ಎಷ್ಟು ಕಾಫಿ. ಸೆಕೆ ಮತ್ತು ಕಾಫಿ ಎರಡೂ ಎದೆ ಬಡಿತ ಏರಿಸುತ್ತವೆ. ಆತಂಕ ಇರುವವರು ಆ ಬಡಿತವನ್ನು ಕೆಟ್ಟ ಶಕುನವೆಂದೇ ಓದುತ್ತಾರೆ.

ಹಾಲಿನಲ್ಲಿ ಟಿವಿ ನೋಡುತ್ತಾ ಸೋಫಾದ ಮೇಲೆ ಗೊರಕೆ ಹೊಡೆಯುತ್ತೇನೆ. ಹಾಸಿಗೆಗೆ ಹೋದರೆ ಕಣ್ಣು ಬಿಡಿಸಿದಂತಾಗುತ್ತದೆ, ನಾಳೆಯ ಚಿಂತೆ ಶುರು. – ವಯಸ್ಸು 45, ಶಿವಮೊಗ್ಗ

ನಿಮ್ಮ ಹಾಸಿಗೆಗೆ "ಇಲ್ಲಿ ಚಿಂತೆ ಮಾಡುವುದು" ಎಂದು ಅಭ್ಯಾಸವಾಗಿದೆ. ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಮುಂದಿಟ್ಟ ವಿಧಾನ ಇವತ್ತಿಗೂ ನಿದ್ರಾ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬೇಡಿ. ಹೋಗಿ ಅಂದಾಜು 20 ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ (ಗಡಿಯಾರ ನೋಡಬೇಡಿ, ಅದನ್ನು ಗೋಡೆಗೆ ತಿರುಗಿಸಿಡಿ) ಎದ್ದು ಬೇರೆ ಕೋಣೆಯಲ್ಲಿ, ಮಂದ ಬೆಳಕಿನಲ್ಲಿ, ಸಪ್ಪೆ ಕೆಲಸ ಮಾಡಿ. ಬಟ್ಟೆ ಮಡಿಸುವುದು ಆದೀತು, ಫೋನು ಬೇಡ. ನಿದ್ದೆ ಬಂದಾಗ ವಾಪಸ್. ರಾತ್ರಿಗೆ ಐದು ಸಲ ಏಳಬೇಕಾಗಿ ಬಂದರೂ ಏಳಿ. ಹಾಸಿಗೆಯಲ್ಲಿ ಊಟ, ಲ್ಯಾಪ್‌ಟಾಪ್, ಲೆಕ್ಕಪತ್ರ ಬೇಡ. ಬೆಳಿಗ್ಗೆ ಏಳುವ ಸಮಯ ಭಾನುವಾರವೂ ಒಂದೇ ಇರಲಿ, ಹಗಲು ಮಲಗಬೇಡಿ. ಸೋಫಾದ ನಿದ್ದೆಯೂ ನಿಲ್ಲಬೇಕು. ಹಾಸಿಗೆಗೆ ಸಲ್ಲಬೇಕಾದ ನಿದ್ದೆಯನ್ನು ಅದು ಕದಿಯುತ್ತಿದೆ. ಮೊದಲ ವಾರ ನಿದ್ದೆ ಇನ್ನೂ ಕಡಿಮೆಯಾಗುತ್ತದೆ, ಅಲ್ಲೇ ಬಹಳ ಜನ ಕೈಬಿಡುವುದು. ಆ ವಾರ ದೂರದ ಡ್ರೈವಿಂಗ್ ಇಟ್ಟುಕೊಳ್ಳಬೇಡಿ.

ದ್ವಿತೀಯ ಪಿಯು. ಮನೆಯಲ್ಲಿ ನನ್ನ ಟೇಬಲಿನ ಮುಂದೆ ಎಲ್ಲ ಬರುತ್ತದೆ, ಪರೀಕ್ಷಾ ಹಾಲಿನಲ್ಲಿ ತಲೆ ಖಾಲಿ. – ವಿದ್ಯಾರ್ಥಿನಿ, ಗದಗ

1975ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಮುಳುಗುಗಾರರಿಗೆ ಪದಗಳನ್ನು ನೀರಿನಡಿಯಲ್ಲೂ ದಡದಲ್ಲೂ ಕಲಿಸಿದ್ದರು. ಕಲಿತ ಜಾಗದಲ್ಲೇ ಹೆಚ್ಚು ನೆನಪಾದವು. ಎಲ್ಲ ಕಡೆ ಉದಾಹರಿಸುವ ಪ್ರಯೋಗ ಇದು, ಆದರೆ 2021ರಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. ಆದ್ದರಿಂದ ಪೂರ್ತಿ ತಪ್ಪನ್ನು ಜಾಗದ ಮೇಲೆ ಹಾಕುವಂತಿಲ್ಲ. ನಿನ್ನ ಟೇಬಲಿನ ಮುಂದೆ "ಬರುತ್ತದೆ" ಅನ್ನಿಸುವುದು ಪುಸ್ತಕ ತೆರೆದಿರುವುದರಿಂದಲೂ ಇರಬಹುದು. ಪುಸ್ತಕ ಮುಚ್ಚಿ ಬಿಳಿ ಹಾಳೆಯ ಮೇಲೆ ಬರೆದು ನೋಡು. ಒಂದೇ ಪಾಠವನ್ನು ಎರಡು ಬೇರೆ ಜಾಗಗಳಲ್ಲಿ ಓದು: ಒಮ್ಮೆ ಮನೆ, ಒಮ್ಮೆ ಗ್ರಂಥಾಲಯ. ಒಂದೇ ಕೋಣೆಯಲ್ಲಿ ಎರಡು ಸಲ ಓದಿದವರಿಗಿಂತ ಎರಡು ಕೋಣೆಗಳಲ್ಲಿ ಓದಿದವರಿಗೆ ಹೆಚ್ಚು ನೆನಪಾದದ್ದನ್ನು 1978ರ ಒಂದು ಅಧ್ಯಯನ ತೋರಿಸಿದೆ. ಭಾನುವಾರ ಮೂರು ಗಂಟೆಯ ಹಳೆ ಪ್ರಶ್ನೆಪತ್ರಿಕೆಯನ್ನು ಗಟ್ಟಿ ಬೆಂಚಿನ ಮೇಲೆ, ಫ್ಯಾನಿನ ಸದ್ದಿನಲ್ಲಿ, ಯಾರಾದರೂ ಓಡಾಡುವ ಕಡೆ ಬರೆ. ಹಾಲಿನಲ್ಲಿ ಖಾಲಿಯಾದರೆ ಪೆನ್ನು ಕೆಳಗಿಟ್ಟು ಅರ್ಧ ನಿಮಿಷ ನಿನ್ನ ಟೇಬಲನ್ನೇ ಮನಸ್ಸಿನಲ್ಲಿ ನೋಡು: ಎಡಗಡೆ ಏನಿದೆ, ಆ ಪುಟದ ಚಿತ್ರ ಮೇಲಿತ್ತೋ ಕೆಳಗಿತ್ತೋ. ಆಮೇಲೆ ಗೊತ್ತಿರುವ ಪ್ರಶ್ನೆಯಿಂದ ಶುರು ಮಾಡು.

ಲ್ಯಾಬಿನ ವಾಸನೆಗೇ ತಲೆ ತಿರುಗುತ್ತದೆ, ರಕ್ತ ತೆಗೆಯುವಾಗ ಎರಡು ಸಲ ಬಿದ್ದಿದ್ದೇನೆ. "ರಿಲ್ಯಾಕ್ಸ್ ಆಗಿ" ಅನ್ನುತ್ತಾರೆ. – ವಯಸ್ಸು 27, ಉಡುಪಿ

ನಿಮಗೆ ರಿಲ್ಯಾಕ್ಸ್ ಆಗುವುದೇ ತಪ್ಪು ಸಲಹೆ. ಬೇರೆ ಭಯಗಳಲ್ಲಿ ರಕ್ತದೊತ್ತಡ ಏರಿ ನಿಲ್ಲುತ್ತದೆ, ರಕ್ತದ ಭಯದಲ್ಲಿ ಏರಿ ಧಡಕ್ಕನೆ ಇಳಿಯುತ್ತದೆ, ಅದಕ್ಕೇ ಬೀಳುವುದು. ಮೈ ಸಡಿಲ ಬಿಟ್ಟರೆ ಇನ್ನೂ ಇಳಿಯುತ್ತದೆ. ಕುಳಿತು ತೋಳು, ಹೊಟ್ಟೆ, ತೊಡೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ, ಬಿಗಿ ಹಿಡಿಯಿರಿ. ಉಸಿರು ಕಟ್ಟಬೇಡಿ. 20–30 ಸೆಕೆಂಡು ಮಾಮೂಲಿ ಸ್ಥಿತಿಗೆ ಬನ್ನಿ, ಪೂರ್ತಿ ಸಡಿಲ ಬೇಡ. ಐದು ಸಲ. ಒಂದು ವಾರ ದಿನವೂ ಮನೆಯಲ್ಲಿ ಅಭ್ಯಾಸವಾದ ಮೇಲೆ ಲ್ಯಾಬಿನ ಹೊರಗಿನ ಬೆಂಚಿನಲ್ಲಿ, ಆಮೇಲೆ ಒಳಗೆ, ಸೂಜಿ ಇಲ್ಲದೆ. ಹೃದಯದ ತೊಂದರೆ ಅಥವಾ ಬಿಪಿ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲು ವೈದ್ಯರನ್ನು ಕೇಳಿ. ಸೂಜಿ ಚುಚ್ಚುವ ತೋಳನ್ನು ಮಾತ್ರ ಸಡಿಲ ಬಿಟ್ಟು ಉಳಿದದ್ದನ್ನು ಬಿಗಿ ಹಿಡಿಯಿರಿ. ಖಾಲಿ ಹೊಟ್ಟೆಯ ಪರೀಕ್ಷೆಯಾದರೆ ಬೆಳಿಗ್ಗೆ ಮೊದಲ ಸರದಿ ಕೇಳಿ, ನೀರು ಕುಡಿದು ಹೋಗಿ. "ಹಿಂದೆ ಬಿದ್ದಿದ್ದೇನೆ, ಮಲಗಿಸಿ ತೆಗೆಯಿರಿ" ಎಂದು ಸಿರಿಂಜ್ ಕೈಗೆತ್ತಿಕೊಳ್ಳುವ ಮುಂಚೆಯೇ ಹೇಳಿ.